ಕತ್ತಲಲ್ಲಿ ಇಲಿ ಹಾರೋದು ಮೀಸೆ ನಂಬ್ಕೊಂಡಾ? ಮಿದುಳಲ್ಲಿ ಒಂದೊಂದು ಮೀಸೆಗೂ ಒಂದೊಂದು ಕೋಣೆ ಅನ್ನೋದು ನಿಜಾನಾ?

ಗೋದಾಮು_ದಾವಣಗೆರೆ:

ನಮಸ್ಕಾರ ಎಲ್ರಿಗೂ. ನಮ್ಮದು ಮೆಕ್ಕೆಜೋಳದ ವ್ಯಾಪಾರ. ಇಲಿ ಕಾಟಕ್ಕೆ ಮದ್ದು ಕೇಳೋಕೆ ಬಂದಿಲ್ಲ, ಆ ವಿಷಯದಲ್ಲಿ ನಾನೇ ನಾಲ್ಕು ಜನಕ್ಕೆ ಹೇಳಬಲ್ಲೆ. ಕೇಳೋದು ಬೇರೆ ಐತಿ.

ಗೋದಾಮಿನ ಸಿಸಿಟಿವಿ ರಾತ್ರಿ ಹೊತ್ತು ಕಪ್ಪು-ಬಿಳುಪಲ್ಲಿ ರೆಕಾರ್ಡ್ ಮಾಡುತ್ತೆ, ಲೈಟ್ ಬೇಕಾಗಲ್ಲ. ಮೊನ್ನೆ ಇನ್ಯಾವುದೋ ಕಾರಣಕ್ಕೆ ಹಳೇ ರೆಕಾರ್ಡಿಂಗ್ ತೆಗೆದು ನೋಡ್ತಿದ್ದೆ. ಒಟ್ಟಿದ ಚೀಲಗಳ ಎರಡು ಸಾಲಿನ ನಡುವೆ ಗೇಣಿಗಿಂತ ಕಮ್ಮಿ ಸಂದು. ಒಂದು ಇಲಿ ಮೇಲಿನ ಚೀಲದ ತುದಿಗೆ ಬಂದು ನಿಂತಿತು. ಕತ್ತು ಉದ್ದ ಮಾಡಿ ಮೂತಿ ಮುಂದಕ್ಕೆ ಚಾಚಿತು. ಮೀಸೆ ಎರಡೂ ಕಡೆ ಎಷ್ಟು ಜೋರಾಗಿ ಆಡ್ತಿತ್ತು ಅಂದ್ರೆ ಕ್ಯಾಮೆರಾದಲ್ಲಿ ಬರೀ ಮಂಜುಮಂಜು. ಹಿಂದೆ ಸರೀತು, ಮತ್ತೆ ಬಂತು, ಮತ್ತೆ ಚಾಚಿತು, ಆಮೇಲೆ ಒಂದೇ ನೆಗೆತಕ್ಕೆ ಆಚೆ ಚೀಲದ ಮೇಲೆ! ಒಳಗೆ ಕಗ್ಗತ್ತಲು, ನಮ್ಮ ಕೈ ನಮಗೇ ಕಾಣಲ್ಲ.

ಮಗ ಬಿ.ಎಸ್‌ಸಿ ಓದ್ತಾನೆ. "ಅಪ್ಪಾ, ಇಲಿ ಮಿದುಳಲ್ಲಿ ಒಂದೊಂದು ಮೀಸೆಗೂ ಒಂದೊಂದು ಕೋಣೆ ಐತಿ, ಅದರಿಂದಲೇ ಅದಕ್ಕೆ ಗೊತ್ತಾಗೋದು" ಅಂದ. ಮಿದುಳೊಳಗೆ ಕೋಣೆ ಕಟ್ಟಿದೋರು ಯಾರಪ್ಪಾ ಅಂತ ನಕ್ಕೆ. ಅವನು ಸಿಟ್ಟಾದ. ತಿಳಿದೋರು ಹೇಳ್ರಿ, ಇದು ನಿಜಾನಾ?

ಭದ್ರಾನಾಲೆ:

ವಾಸನೆ ರೀ ಅದು. ನಮ್ಮ ಮಲೇಬೆನ್ನೂರು ಕಡೆ ಗದ್ದೆ ಬದುವಿನಲ್ಲಿ ಹೆಗ್ಗಣ ಹೋದ ದಾರೀಲೇ ಹೋಗೋದು. ಉಚ್ಚೆ ಹೊಯ್ದು ಗುರುತು ಮಾಡಿರ್ತಾವೆ. ಮೀಸೆ ಬೆಕ್ಕಿಗೂ ಐತಿ, ನಮ್ಮ ಮಾವನಿಗೂ ಐತಿ.

ಜೋಗಿಮಟ್ಟಿ:

ಭದ್ರಾನಾಲೆ ಅವರ ಮಾವನ ವಿಷಯ ಬಿಟ್ಟು ಉಳಿದದ್ದು ಅರ್ಧ ಸರಿ. ಓಡಾಡಿದ ದಾರಿ ಗುರುತು ಹಿಡಿಯೋಕೆ ವಾಸನೆ ಬೇಕೇ ಬೇಕು. ಆದ್ರೆ ಎದುರಿನ ಚೀಲದ ಅಂಚು ಎಷ್ಟು ದೂರದಲ್ಲಿದೆ ಅಂತ ವಾಸನೆ ಹೇಳಲ್ಲ.

ನಾನು ಚಿತ್ರದುರ್ಗದವಳು. ಪಿಎಚ್‌ಡಿ ಮಾಡಿದ್ದು ಇದೇ ವಿಷಯದ ಲ್ಯಾಬಿನಲ್ಲಿ, ಈಗ ಬೇರೆ ಕೆಲಸ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಗೋದಾಮು ಅಣ್ಣ ಸಿಸಿಟಿವೀಲಿ ಕಂಡಿದ್ದನ್ನೇ ಹೆಚ್ಚುಕಮ್ಮಿ 1986ರಲ್ಲಿ ಹಟ್ಸನ್ ಮತ್ತು ಮಾಸ್ಟರ್ಟನ್ ಅನ್ನೋರು ಪ್ರಯೋಗ ಮಾಡಿ ನೋಡಿದ್ರು. ಎರಡು ಎತ್ತರದ ಹಲಗೆ, ನಡುವೆ ಸಂದು, ಆಚೆ ಕಡೆ ತಿನ್ನೋಕೆ ಏನಾದ್ರೂ. ಇಲಿಗೆ ಕಣ್ಣಿನ ಸಹಾಯ ಇಲ್ಲ. ಸಂದು ಚಿಕ್ಕದಾಗಿದ್ರೆ ಮೂಗು ತಾಗಿಸಿ ದಾಟ್ತಿತ್ತು. ಮೂಗು ಎಟುಕದಷ್ಟು ಅಗಲ ಮಾಡಿದ್ರೆ ಮೀಸೆ ತುದಿ ಆಚೆ ಹಲಗೆಗೆ ತಾಗಿದ ಮೇಲೇ ಹಾರ್ತಿತ್ತು. ಮಿದುಳಿನಲ್ಲಿ ಮೀಸೆಗೆ ಮೀಸಲಾದ ಭಾಗ ತೆಗೆದ ಇಲಿಗಳು ಮೂಗು ಎಟುಕೋ ಸಂದನ್ನ ಮಾಮೂಲಿನಂತೆ ದಾಟಿದವು, ಬರೀ ಮೀಸೆ ಎಟುಕೋ ಸಂದಿನ ಮುಂದೆ ನಿಂತುಬಿಟ್ಟವು. ಕಾಲಿಗೆ ಶಕ್ತಿ ಇತ್ತು, ಆಸೆನೂ ಇತ್ತು, ಆಚೆ ಏನೋ ಇದೆ ಅನ್ನೋ ಸುದ್ದಿ ಮಾತ್ರ ತಲುಪಲಿಲ್ಲ.

ಇದಕ್ಕೂ ಬಹಳ ಹಿಂದೆ, 1912ರಲ್ಲಿ, ಸ್ಟೆಲ್ಲಾ ವಿನ್ಸೆಂಟ್ ಅನ್ನೋ ಹೆಣ್ಣುಮಗಳು ಬಿಳಿ ಇಲಿಗಳ ಮೀಸೆ ಕತ್ತರಿಸಿ ದಾರಿ ತಪ್ಪಿಸೋ ಗೋಜಲು ಓಣಿಗಳಲ್ಲಿ (ಮೇಜ್) ಓಡಿಸಿ ಅವು ತಡವರಿಸೋದನ್ನ ದಾಖಲು ಮಾಡಿದ್ದಳು. ಇಲಿ ಮೀಸೆ ಅಲಂಕಾರಕ್ಕಲ್ಲ ಅನ್ನೋದು ನೂರು ವರ್ಷದ ಹಿಂದಿನ ಮಾತು.

ಈಗ ಕೋಣೆ. ಮಗ ಹೇಳಿದ್ದು ಸುಳ್ಳಲ್ಲ. 1970ರಲ್ಲಿ ಥಾಮಸ್ ವೂಲ್ಸಿ ಮತ್ತು ಹೆಂಡ್ರಿಕ್ ವ್ಯಾನ್ ಡರ್ ಲೂಸ್ ಸುಂಡಿಲಿಯ (ಇಂಗ್ಲಿಷಿನ ಮೌಸ್) ಮಿದುಳಿನ ಹೊರಪದರ, ಅಂದ್ರೆ ಕಾರ್ಟೆಕ್ಸ್, ನೋಡ್ತಿದ್ರು. ಕಾರ್ಟೆಕ್ಸಿನಲ್ಲಿ ಆರು ಪದರ. ಎಲ್ಲರೂ ಮೇಲಿಂದ ಕೆಳಕ್ಕೆ ಕೊಯ್ದು ನೋಡೋದು ರೂಢಿ. ಇವರು ಮೇಲ್ಮೈಗೆ ಸಮಾನಾಂತರವಾಗಿ, ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಕೊಯ್ದರು. ನಾಲ್ಕನೇ ಪದರ ಬಂದಾಗ ಸೂಕ್ಷ್ಮದರ್ಶಕದಲ್ಲಿ ಉಂಗುರ ಉಂಗುರ. ಅಂಚಿನಲ್ಲಿ ನರಕೋಶ ಒತ್ತೊತ್ತಾಗಿ, ನಡುವೆ ತೆಳುವಾಗಿ. ಅವಕ್ಕೆ ಬ್ಯಾರೆಲ್ ಅಂತ ಹೆಸರಿಟ್ಟರು. ಉಂಗುರಗಳು ಎಲ್ಲೆಂದರಲ್ಲಿ ಚೆಲ್ಲಿರಲಿಲ್ಲ, ಐದು ಸಾಲು. ಸುಂಡಿಲಿ ಮೂತಿ ಮೇಲೆ ದೊಡ್ಡ ಮೀಸೆಗಳೂ ಐದೇ ಸಾಲು. ಎಣಿಸಿದ್ರೆ ಒಂದು ಮೀಸೆಗೆ ಒಂದು ಬ್ಯಾರೆಲ್, ಅದೇ ಕ್ರಮದಲ್ಲಿ.

ಎಡ ಕೆನ್ನೆಯ ಮೀಸೆ ಸುದ್ದಿ ಬಲ ಮಿದುಳಿಗೆ ಹೋಗುತ್ತೆ. ಕೆನ್ನೆಯಿಂದ ಮಿದುಳ ಕಾಂಡ, ಅಲ್ಲಿ ಪಕ್ಕ ಬದಲಾಯಿಸಿ ಥಲಾಮಸ್ (ಮಿದುಳಿನ ಒಳಗೆ ಸುದ್ದಿ ಹಾಯಿಸೋ ಠಾಣೆ), ಅಲ್ಲಿಂದ ಕಾರ್ಟೆಕ್ಸ್. ನನಗೆ ಈಗಲೂ ಆಶ್ಚರ್ಯ ಅನ್ನಿಸೋದು ಏನಂದ್ರೆ, ಈ ಮೂರೂ ಕಡೆ ಮೀಸೆಗಳ ಅದೇ ನಕ್ಷೆ ಮತ್ತೆ ಮತ್ತೆ ಬರೆದಿರುತ್ತೆ. ಮೀಸೆ ಮುಟ್ಟಿದ ಸುದ್ದಿ ಕಾರ್ಟೆಕ್ಸ್ ತಲುಪೋಕೆ ಸುಮಾರು ಹತ್ತು ಮಿಲಿಸೆಕೆಂಡ್ ಸಾಕು.

ಗೋದಾಮು_ದಾವಣಗೆರೆ:

ಮೇಡಂ, ಕೈ ಮುಗಿದೆ. ಮಗ ಇದನ್ನ ಓದಿ ಮೀಸೆ ತಿರುವ್ತಾ ಕೂತಾನೆ.

ಭದ್ರಾನಾಲೆ:

ಒಂದು ತಿಳೀಲಿಲ್ಲ ಮೇಡಂ. ಕೂದಲು ಅಂದ್ರೆ ಜೀವ ಇಲ್ಲದ್ದು. ಕಟಿಂಗ್ ಅಂಗಡೀಲಿ ಕತ್ತರಿ ಹಾಕಿದ್ರೆ ನೋವಾಗಲ್ಲ. ಅದರ ತುದಿಗೆ ಏನೋ ತಾಗಿದ್ರೆ ಇಲಿಗೆ ಹೆಂಗೆ ಗೊತ್ತಾಗ್ತತಿ?

ಜೋಗಿಮಟ್ಟಿ:

ಚಲೋ ಪ್ರಶ್ನೆ. ಮೀಸೆಯಲ್ಲಿ ನರ ಇಲ್ಲವೇ ಇಲ್ಲ. ತುದಿ ಬಾಗಿದ್ರೆ ಆ ಬಲ ಬುಡಕ್ಕೆ ಬರುತ್ತೆ, ಎಲ್ಲ ಇರೋದು ಅಲ್ಲಿ.

ಇಲಿ ಮೀಸೆಯ ಬುಡ ನಮ್ಮ ತಲೆಗೂದಲಿನ ಬುಡದ ಥರ ಅಲ್ಲ. ಚರ್ಮದೊಳಗೆ ಆಳವಾಗಿ ಇಳಿದ ಒಂದು ಗಟ್ಟಿ ಚೀಲ, ಅದರ ಸುತ್ತ ರಕ್ತ ತುಂಬಿದ ಕುಳಿ. ಒಂದೊಂದು ಚೀಲಕ್ಕೂ ನೂರಿನ್ನೂರು ನರತಂತುಗಳು ಬಂದು ಸೇರ್ತವೆ. ಕೆಲವು ಮೀಸೆ ಬಾಗಿದ ಕ್ಷಣಕ್ಕೆ ಮಾತ್ರ ಮಿಡಿದು ಸುಮ್ಮನಾಗ್ತವೆ, ಕೆಲವು ಬಾಗಿರೋವಷ್ಟು ಹೊತ್ತೂ ಮಿಡೀತಾನೇ ಇರ್ತವೆ. ಯಾವ ಕಡೆಗೆ ಬಾಗಿತು ಅನ್ನೋದಕ್ಕೂ ವ್ಯತ್ಯಾಸ ಇದೆ, ಮೇಲಕ್ಕೆ ಬಾಗಿದ್ರೆ ಒಂದು ತಂತು, ಹಿಂದಕ್ಕೆ ಬಾಗಿದ್ರೆ ಇನ್ನೊಂದು ಜೋರಾಗುತ್ತೆ.

ಬಲ ಅನ್ನೋದು ವಿದ್ಯುತ್ ಸಂಕೇತ ಆಗೋದು ಕೋಶಪೊರೆಯಲ್ಲಿರೋ ಒಂದು ಪ್ರೋಟೀನಿನಿಂದ. ಪೊರೆ ಎಳೆದ್ರೆ ಬಾಗಿಲು ತೆರೆಯುತ್ತೆ, ಅಯಾನು ಒಳಗೆ ನುಗ್ಗುತ್ತೆ. ಆ ಪ್ರೋಟೀನಿನ ಹೆಸರು ಪೀಝೋ2. ಪೀಝೋ ಕುಟುಂಬ ಪತ್ತೆ ಮಾಡಿದ ಆರ್ಡೆಮ್ ಪಟಪೌಟಿಯನ್ 2021ರ ನೊಬೆಲ್ ಹಂಚಿಕೊಂಡರು. ನಿಮ್ಮ ಬೆರಳಿಗೆ ಮೆತ್ತಗೆ ಏನಾದ್ರೂ ತಾಗಿದ್ದು ಗೊತ್ತಾಗೋದೂ ಇದರಿಂದಲೇ.

ಎಂಬಿಬಿಎಸ್_ದಾವಣಗೆರೆ:

ಮೇಡಂ, ಸುದ್ದಿ ಒಯ್ಯೋದು ಟ್ರೈಜೆಮಿನಲ್, ಅಂದ್ರೆ ಐದನೇ ನರ, ಅಲ್ವಾ? ಮೀಸೆ ಆಡಿಸೋದೂ ಅದೇನಾ?

ಜೋಗಿಮಟ್ಟಿ:

ಅಲ್ಲ. ಆಡಿಸೋದು ಏಳನೇದು, ಫೇಶಿಯಲ್ ನರ. ಮನುಷ್ಯರಲ್ಲಿ ಮುಖದ ಸ್ಪರ್ಶಕ್ಕೆ ಐದನೇದು, ಮುಖ ಸೊಟ್ಟ ಮಾಡೋಕೆ ಏಳನೇದು ಅಂತ ಓದಿರ್ತೀಯಲ್ಲ, ಅದೇ ಹಂಚಿಕೆ. ಇಲಿಯಲ್ಲಿ ಒಂದೊಂದು ಮೀಸೆಯ ಬುಡಕ್ಕೂ ಜೋಳಿಗೆ ಹಾಕಿದಂತೆ ಒಂದು ಪುಟ್ಟ ಸ್ನಾಯು ಇರುತ್ತೆ, ಅದು ಬಿಗಿದ್ರೆ ಮೀಸೆ ಮುಂದಕ್ಕೆ.

ಇಲಿ ಸೆಕೆಂಡಿಗೆ ಸುಮಾರು 5ರಿಂದ 15 ಸಲ ಹೀಗೆ ಮೀಸೆ ಬೀಸುತ್ತೆ. ಸಾಧಾರಣ ಸಿಸಿಟಿವಿ ಸೆಕೆಂಡಿಗೆ ಹದಿನೈದೋ ಇಪ್ಪತ್ತೈದೋ ಚಿತ್ರ ಹಿಡಿಯೋದು. ಗೋದಾಮು ಅಣ್ಣನಿಗೆ ಮಂಜು ಕಂಡಿದ್ದಕ್ಕೆ ಅದೇ ಕಾರಣ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದ್ರೆ ಎಣಿಸಬಹುದು. ಬೆಳಕಿಗೆ ಕೆಂಪು ಬಲ್ಬ್ ಹಾಕಿ, ಕೆಂಪು ಬಣ್ಣ ಇಲಿ ಕಣ್ಣಿಗೆ ಸರಿಯಾಗಿ ಕಾಣಲ್ಲ.

ಗೋದಾಮು_ದಾವಣಗೆರೆ:

ಇಲಿಗೆ ಕೆಂಪು ಲೈಟ್ ಹಾಕಿ ಶೂಟಿಂಗ್ ಮಾಡ್ತಾನೆ ಅಂತ ಹಮಾಲರು ಊರೆಲ್ಲ ಡಂಗುರ ಸಾರ್ತಾರೆ. ಆದ್ರೂ ನೋಡ್ತೀನಿ.

ಜಗಳೂರು_ಮೇಷ್ಟ್ರು:

ನಿವೃತ್ತ ವಿಜ್ಞಾನ ಶಿಕ್ಷಕ. ಪೆನ್‌ಫೀಲ್ಡ್ ಅನ್ನೋ ಶಸ್ತ್ರವೈದ್ಯರು 1930ರ ದಶಕದಲ್ಲಿ, ಎಚ್ಚರ ಇರೋ ರೋಗಿಗಳ ಮಿದುಳಿನ ಮೇಲ್ಮೈಗೆ ಸಣ್ಣ ವಿದ್ಯುತ್ ತಾಗಿಸಿ, ಎಲ್ಲಿ ಮುಟ್ಟಿದ್ರೆ ಮೈಯ ಯಾವ ಭಾಗ ಜುಮ್ಮೆನ್ನುತ್ತೆ ಅಂತ ನಕ್ಷೆ ಬರೆದರು ಅಂತ ಮಕ್ಕಳಿಗೆ ಹೇಳ್ತಿದ್ದೆ. ಆ ಚಿತ್ರದಲ್ಲಿ ತುಟಿ, ಕೈಬೆರಳು ಇಷ್ಟು ದಪ್ಪ, ಬೆನ್ನು ಇಷ್ಟೇ ಇಷ್ಟು. ಇಲಿಯ ಕೋಣೆಗಳೂ ಅದೇ ಜಾತಿಯವಾ? ನಮ್ಮ ಒಂದೊಂದು ಬೆರಳಿಗೂ ಹೀಗೆ ಉಂಗುರ ಕಾಣುತ್ತಾ?

ಜೋಗಿಮಟ್ಟಿ:

ಅದೇ ಜಾತಿ ಮೇಷ್ಟ್ರೇ. ಯಾವ ಭಾಗದಿಂದ ಹೆಚ್ಚು ಸುದ್ದಿ ಬರುತ್ತೋ ಅದಕ್ಕೆ ಹೆಚ್ಚು ಜಾಗ. ನಮಗೆ ಬೆರಳು ತುಟಿ, ಇಲಿಗೆ ಮೀಸೆ. ನಮ್ಮಲ್ಲೂ ಬೆರಳುಗಳ ಜಾಗ ಬೇರೆ ಬೇರೆ ಇದೆ, ಆದ್ರೆ ಬಣ್ಣ ಹಾಕಿ ಕೊಯ್ದ ತಕ್ಷಣ ಕಣ್ಣಿಗೆ ಹೊಡೆಯೋ ಹಾಗೆ ಗೋಡೆ ಕಟ್ಟಿರೋ ಉಂಗುರಗಳಿಲ್ಲ. ಲ್ಯಾಬುಗಳು ಸುಂಡಿಲಿಗೆ ಅಂಟಿಕೊಂಡಿದ್ದೇ ಈ ಅನುಕೂಲಕ್ಕೆ. ಇಂಥ ಮೀಸೆಗೆ ಇಂಥ ಜಾಗ ಅಂತ ಮೊದಲೇ ಗೊತ್ತಿದ್ರೆ ಆ ಒಂದು ಮೀಸೆ ಅಲ್ಲಾಡಿಸಿ ಆ ಒಂದು ಜಾಗದಲ್ಲಿ ನರದ ಮಿಡಿತ ಅಳೆಯೋ ಸೂಜಿ ಇಳಿಸಬಹುದು. ಸುಂಡಿಲಿಯ ಸಿ2 ಅನ್ನೋ ಮೀಸೆಗೆ ಸೇರಿದ ಕಂಬದಲ್ಲಿ, ಆರೂ ಪದರ ಸೇರಿಸಿ, ಸುಮಾರು 6,500 ನರಕೋಶ. ಇಡೀ ಸುಂಡಿಲಿ ಮಿದುಳಿನಲ್ಲಿ ಏಳು ಕೋಟಿ ಇರೋವಾಗ ಇದು ಎಣಿಸಿ ಮುಗಿಸಬಹುದಾದ ಸಂಖ್ಯೆ.

ಗೋದಾಮು_ದಾವಣಗೆರೆ:

(ಇದು ಅಪ್ಪನ ಅಕೌಂಟಿಂದ ಮಗ ಬರೀತಿರೋದು.) ಮೇಡಂ, ಅಪ್ಪ ಕೇಳಿದ್ದು ತಮಾಷೆಗೆ, ಆದ್ರೆ ನನಗೂ ಅದೇ ಪ್ರಶ್ನೆ. ಈ ಕೋಣೆ ಕಟ್ಟೋದು ಯಾರು? ಜೀನಿನಲ್ಲೇ ಬರೆದಿರುತ್ತಾ?

ಜೋಗಿಮಟ್ಟಿ:

ತಮ್ಮಾ, ನಿಮ್ಮಪ್ಪ ತಮಾಷೆಗೆ ಕೇಳಿದ ಪ್ರಶ್ನೆಗೆ ಎರಡು ತಲೆಮಾರಿನ ವಿಜ್ಞಾನಿಗಳು ದುಡಿದಿದ್ದಾರೆ.

1973ರಲ್ಲಿ ಅದೇ ವ್ಯಾನ್ ಡರ್ ಲೂಸ್ ಮತ್ತು ವೂಲ್ಸಿ ಆಗ ತಾನೇ ಹುಟ್ಟಿದ ಸುಂಡಿಲಿ ಮರಿಗಳ ಮೂತಿಯಲ್ಲಿ ಕೆಲವು ಮೀಸೆಗಳ ಬುಡವನ್ನೇ ನಾಶ ಮಾಡಿದರು. ಮರಿ ದೊಡ್ಡದಾದ ಮೇಲೆ ನೋಡಿದ್ರೆ ಆ ಮೀಸೆಗಳ ಬ್ಯಾರೆಲ್‌ಗಳೇ ಇಲ್ಲ. ಮಧ್ಯದ ಒಂದು ಸಾಲು ಪೂರ್ತಿ ತೆಗೆದ್ರೆ ಆ ಜಾಗ ತೆಳ್ಳಗೆ ಪಟ್ಟಿಯಾಗಿ ಕುಗ್ಗಿ, ಅಕ್ಕಪಕ್ಕದ ಸಾಲು ಹಿಗ್ಗಿರುತ್ತೆ. ಇದು ನಡೆಯೋದು ಹುಟ್ಟಿದ ಮೊದಲ ನಾಲ್ಕೈದು ದಿನದೊಳಗೆ ಮಾಡಿದ್ರೆ ಮಾತ್ರ. ವಾರ ಕಳೆದ ಮೇಲೆ ಮಾಡಿದ್ರೆ ಉಂಗುರಗಳು ಇದ್ದಲ್ಲೇ ಇರ್ತವೆ.

ಇದಕ್ಕೆ ಉಲ್ಟಾನೂ ಇದೆ. ಕೆಲವು ಸುಂಡಿಲಿಗಳಿಗೆ ಹುಟ್ಟಿನಿಂದ ಒಂದೆರಡು ಮೀಸೆ ಹೆಚ್ಚು. ಅಂಥವನ್ನ ಆರಿಸಿ ತಳಿ ಮಾಡಿ ನೋಡಿದ್ರು. ಹೆಚ್ಚಿನ ಮೀಸೆಗೆ ಸರಿಯಾಗಿ ಹೆಚ್ಚಿನ ಬ್ಯಾರೆಲ್. ಜೀನು ಕೊಟ್ಟಿದ್ದು ಮೀಸೆಯನ್ನ. ಕೋಣೆ ಕಟ್ಟಿಸಿಕೊಂಡಿದ್ದು ಆ ಮೀಸೆಯಿಂದ ಬಂದ ತಂತುಗಳು. ಹಾಗಂತ ಜೀನಿನ ಪಾಲು ಸಣ್ಣದಲ್ಲ, ಮೀಸೆ ಸುದ್ದಿ ಕಾರ್ಟೆಕ್ಸಿನ ಯಾವ ಭಾಗಕ್ಕೆ ಬರಬೇಕು ಅನ್ನೋದನ್ನ ಮೊದಲೇ ನಿಗದಿ ಮಾಡೋದು ಅದೇ. ಒಳಗಿನ ಗೋಡೆ ಎಬ್ಬಿಸೋಕೆ ಮಾತ್ರ ತಂತುಗಳ ಚಟುವಟಿಕೆ ಬೇಕು. ಕಾರ್ಟೆಕ್ಸಿನ ಕೋಶಗಳಲ್ಲಿ ಎನ್‌ಎಂಡಿಎ ಅನ್ನೋ ಗ್ರಾಹಕ (ಬೇರೆ ನರಕೋಶದಿಂದ ಬಂದ ರಾಸಾಯನಿಕ ಸಂಕೇತ ಹಿಡಿಯೋ ಪ್ರೋಟೀನು) ಕೆಲಸ ಮಾಡದ ಹಾಗೆ ಮಾಡಿದ್ರೆ, ಸುದ್ದಿ ಬಂದರೂ ಉಂಗುರ ಸರಿಯಾಗಿ ಮೂಡಲ್ಲ.

ಬುಡ ನಾಶ ಮಾಡೋದು ಬೇರೆ, ಮೀಸೆ ಕತ್ತರಿಸೋದು ಬೇರೆ. ಕತ್ತರಿಸಿದ್ರೆ ಉಂಗುರ ಉಳಿಯುತ್ತೆ, ಮೀಸೆ ಮತ್ತೆ ಬೆಳೆಯುತ್ತೆ. ಆದ್ರೆ ಒಳಗಿನ ವಹಿವಾಟು ಬದಲಾಗುತ್ತೆ. 1993ರಲ್ಲಿ ಡೈಮಂಡ್ ಮತ್ತು ಜೊತೆಯವರು ದೊಡ್ಡ ಇಲಿಗಳಲ್ಲಿ ಪಕ್ಕಪಕ್ಕದ ಎರಡೇ ಮೀಸೆ ಬಿಟ್ಟು ಉಳಿದದ್ದನ್ನ ಕತ್ತರಿಸಿದ್ರು. ಕೆಲವೇ ದಿನಕ್ಕೆ ಒಂದು ಮೀಸೆಯ ಜಾಗದ ಕೋಶಗಳು ಜೊತೆಗಾರ ಮೀಸೆಗೆ ಹೆಚ್ಚು ಸ್ಪಂದಿಸತೊಡಗಿದವು, ಕತ್ತರಿಸಿದ ಪಕ್ಕದವಕ್ಕೆ ಕಮ್ಮಿ. ಬೆಳೆದ ಪ್ರಾಣಿಯಲ್ಲೂ ಇದು ನಿಲ್ಲಲ್ಲ.

ಎಂಬಿಬಿಎಸ್_ದಾವಣಗೆರೆ:

ಇದು ಫ್ಯಾಂಟಮ್ ಲಿಂಬ್ ಥರಾನೇ ಇದೆಯಲ್ಲ. ಕೈ ಕಳಕೊಂಡವರ ಕೆನ್ನೆ ಮುಟ್ಟಿದ್ರೆ ಇಲ್ಲದ ಕೈ ಮುಟ್ಟಿದಂತಾಗೋದು, ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ವರದಿ ಮಾಡಿದ್ದು. ನಕ್ಷೆಯಲ್ಲಿ ಮುಖ ಮತ್ತು ಕೈ ಅಕ್ಕಪಕ್ಕ ಅಲ್ವಾ?

ಜೋಗಿಮಟ್ಟಿ:

ಹೌದು, ಅಕ್ಕಪಕ್ಕ. ಪಕ್ಕದ ಜಾಗದವರು ಒಳನುಗ್ಗಿದ್ರು ಅನ್ನೋದು ಅವರ ವಿವರಣೆ. ಆದ್ರೆ ಕೈ ಹೋಗಿ ಎಷ್ಟೋ ವರ್ಷ ಆದವರಲ್ಲೂ ಇಲ್ಲದ ಬೆರಳು ಆಡಿಸಿ ನೋಡು ಅಂದಾಗ ಹಳೇ ಕೈಯ ನಕ್ಷೆ ಸ್ಕ್ಯಾನಿನಲ್ಲಿ ಎದ್ದು ಕಾಣುತ್ತೆ ಅನ್ನೋ ಕೆಲಸಗಳೂ ಆಮೇಲೆ ಬಂದಿವೆ. ಪರೀಕ್ಷೆಯಲ್ಲಿ ಪುಸ್ತಕದಲ್ಲಿರೋದನ್ನ ಬರಿ, ಮನಸ್ಸಿನಲ್ಲಿ ಎರಡನ್ನೂ ಇಟ್ಕೋ.

ಲೆಕ್ಕಕೇಳೋನು_ಹಿರಿಯೂರು:

ಇಷ್ಟೊತ್ತು ಸುಮ್ಮನೆ ಓದ್ತಿದ್ದೆ. ಎರಡು ತಕರಾರು.

ಒಂದು, ಇಲಿಮರಿ ಮೀಸೆ ಬುಡ ಸುಡೋದು, ಮಿದುಳು ಕೊಯ್ಯೋದು, ಇದಕ್ಕೆಲ್ಲ ಹೇಳೋರು ಕೇಳೋರು ಇಲ್ಲವೇ? ನಮ್ಮ ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್ ಐತೆ, ಅಲ್ಲೂ ಇದೇ ನಡೀತೈತಾ?

ಎರಡು, ಇದು ಮುಖ್ಯ. ಒಂದು ಮೀಸೆಗೆ ಒಂದು ಕೋಣೆ ಅಂದ್ರಿ. ಒಪ್ಪಿದೆ. ಅದು ವಿಳಾಸ ಆಯ್ತು. ಟಪಾಲು ಯಾವ ಮನೆಗೆ ಹೋಗುತ್ತೆ ಅಂತ ಗೊತ್ತಾಯ್ತು, ಮನೆಯೋರು ಅದನ್ನ ಓದಿ ಏನ್ ಮಾಡ್ತಾರೆ ಅನ್ನೋದು ಎಲ್ಲಿ ಬಂತು? ಸುಂದರವಾದ ನಕ್ಷೆ ಸಿಕ್ಕಿದ ಕೂಡಲೇ ಮಿದುಳು ಅರ್ಥ ಆಯ್ತು ಅಂತ ಕುಣಿಯೋದು ನನಗೆ ಒಪ್ಪಿಗೆ ಇಲ್ಲ.

ಜಗಳೂರು_ಮೇಷ್ಟ್ರು:

ಕುದಾಪುರಕ್ಕೆ ನಾನು ಹೋಗಿದ್ದೆ, ವಿಜ್ಞಾನ ಶಿಕ್ಷಕರ ತರಬೇತಿಗೆ. ಇಲಿ ಕಾಣಲಿಲ್ಲ, ಊಟ ಚೆನ್ನಾಗಿತ್ತು. ಐಐಎಸ್‌ಸಿಯ ನರವಿಜ್ಞಾನ ಕೇಂದ್ರ ಇರೋದು ಬೆಂಗಳೂರಲ್ಲಿ.

ಜೋಗಿಮಟ್ಟಿ:

ಮೊದಲನೇದಕ್ಕೆ: ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಡಿಯಲ್ಲಿ ಪ್ರಾಣಿ ಪ್ರಯೋಗದ ಮೇಲುಸ್ತುವಾರಿಗೆ ಸಮಿತಿ ಇದೆ, ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಕಡ್ಡಾಯ. ಯಾವ ಪ್ರಯೋಗ, ಎಷ್ಟು ಪ್ರಾಣಿ, ಕಮ್ಮಿ ಪ್ರಾಣಿಯಲ್ಲಿ ಯಾಕೆ ಆಗಲ್ಲ, ಅರಿವಳಿಕೆ ಯಾವುದು, ಎಲ್ಲ ಬರೆದು ಒಪ್ಪಿಗೆ ಪಡೀಬೇಕು. ಅಷ್ಟಾದರೂ ಮನಸ್ಸಿಗೆ ಕಸಿವಿಸಿ ಆಗಲ್ಲ ಅಂದ್ರೆ ಸುಳ್ಳು. ಆ ಲ್ಯಾಬ್ ಕೆಲಸ ಬಿಡೋಕೆ ನನಗೆ ಅದೂ ಒಂದು ಕಾರಣ. ಇದರ ಮೇಲೆ ವಾದ ಮಾಡಲ್ಲ.

ಎರಡನೇದಕ್ಕೆ ನಿಮ್ಮ ಪರವಾಗೇ ನಿಲ್ತೀನಿ. ಕೋಣೆ ಅನ್ನೋದು ನಾಲ್ಕನೇ ಪದರದ ಮಾತು. ಅಲ್ಲಿಂದ ಸುದ್ದಿ ಎರಡು, ಮೂರನೇ ಪದರಕ್ಕೆ ಹೋದ ಕೂಡಲೇ ಗೋಡೆ ಲೆಕ್ಕಕ್ಕಿಲ್ಲ. ವೋಲ್ಟೇಜ್ ಬದಲಾದ್ರೆ ಹೊಳಪು ಬದಲಾಗೋ ಬಣ್ಣ ಹಾಕಿ, ಸುಂಡಿಲಿಯ ಒಂದೇ ಮೀಸೆ ಒಂದೇ ಸಲ ತಟ್ಟಿ ವಿಡಿಯೋ ಹಿಡಿದಿದ್ದಾರೆ. ಮೊದಲು ಆ ಮೀಸೆಯ ಜಾಗ ಬೆಳಗುತ್ತೆ, ಅಲ್ಲಿಂದ ಪಕ್ಕದ ಮೀಸೆಗಳ ಜಾಗಕ್ಕೆ ಹಬ್ಬುತ್ತೆ, ಕಣ್ಣು ಮಿಟುಕಿಸೋದರೊಳಗೆ ಮೀಸೆ ಆಡಿಸೋ ಚಲನೆಯ ಕಾರ್ಟೆಕ್ಸಿನಲ್ಲೂ ಬೆಳಕು. ಮುಟ್ಟಿದ್ದು ಒಂದು ಮೀಸೆ, ಎದ್ದಿದ್ದು ಅರ್ಧ ಊರು.

ಯಾಕೆ ಹಾಗೆ? ಇಲಿಗೆ ಸ್ಪರ್ಶ ಅನ್ನೋದು ಸುಮ್ಮನೆ ಕೂತಾಗ ಬಂದು ತಾಗೋದಲ್ಲ, ತಾನೇ ಬೀಸಿ ಪಡೆಯೋದು. ಗೋದಾಮು ಅಣ್ಣ, ನೀವು ಮೆಕ್ಕೆಜೋಳ ಒಣಗಿದೆಯಾ ಅಂತ ನೋಡೋವಾಗ ಕಾಳಿನ ಮೇಲೆ ಕೈ ಇಟ್ಟು ಸುಮ್ಮನಿರ್ತೀರಾ? ಹಿಡಿಯಲ್ಲಿ ತಗೊಂಡು ಬೆರಳಲ್ಲಿ ಉಜ್ಜಿ ಉರುಳಿಸ್ತೀರಿ. ಕೈ ಆಡದಿದ್ರೆ ತರಿ ನುಣುಪು ತಿಳಿಯಲ್ಲ. ಕಾರ್ವೆಲ್ ಮತ್ತು ಸೈಮನ್ಸ್ 1990ರಲ್ಲಿ ಇಲಿಗಳಿಗೆ ನುಣುಪು ಮೇಲ್ಮೈ ಮತ್ತು ತೀರಾ ಸಣ್ಣ ಗೀರುಗಳಿರೋ ಮೇಲ್ಮೈ ಕೊಟ್ಟು ಪರೀಕ್ಷೆ ಮಾಡಿದ್ರು. ಮೀಸೆ ಬೀಸಿ ಅವು ಗುರುತಿಸಿದ ಸೂಕ್ಷ್ಮತೆ, ಕೋತಿಗಳು, ಮನುಷ್ಯರು ಬೆರಳ ತುದಿಯಲ್ಲಿ ಗುರುತಿಸೋದಕ್ಕೆ ಸರಿಸಾಟಿ.

ಬೀಸೋದರಲ್ಲಿ ಒಂದು ತೊಡಕಿದೆ. ಗಾಳಿಯಲ್ಲಿ ಬೀಸಿದ್ರೂ ಬುಡದ ನರ ಮಿಡಿಯುತ್ತೆ, ವಸ್ತುವಿಗೆ ತಾಗಿದ್ರೂ ಮಿಡಿಯುತ್ತೆ. ಯಾವುದು ತನ್ನ ಚಲನೆ, ಯಾವುದು ಹೊರಗಿನ ವಸ್ತು? ಇದನ್ನ ಬೇರ್ಪಡಿಸೋ ಒಂದು ಕೆಲಸ ನಾಲ್ಕನೇ ಪದರದಲ್ಲೇ ನಡೆಯುತ್ತೆ. ಅಲ್ಲಿನ ತಡೆಕೋಶಗಳು ಬೀಸುವಾಗ ಚುರುಕಾಗಿ, ಬರೀ ಬೀಸಾಟದಿಂದ ಬಂದ ಸಂಕೇತ ಮುಂದೆ ಹೋಗದ ಹಾಗೆ ಅಡಗಿಸ್ತವೆ. ವಸ್ತುವಿಗೆ ತಾಗಿದ ಚುರುಕು ಮಿಡಿತ ಎಷ್ಟು ಬೇಗ ಬರುತ್ತೆ ಅಂದ್ರೆ, ತಡೆ ಬೀಳೋ ಮೊದಲೇ ಅಲ್ಲಿನ ಪ್ರಚೋದಕ ಕೋಶಗಳನ್ನ (ಸುದ್ದಿ ಮುಂದಕ್ಕೆ ದಾಟಿಸೋವು) ಎಬ್ಬಿಸಿ ಮುಂದೆ ಹೋಗಿರುತ್ತೆ. ಲೆಕ್ಕಕೇಳೋನು ಅವರು ಕೇಳಿದ 'ಮನೆಯೋರು ಓದಿ ಏನ್ ಮಾಡ್ತಾರೆ' ಅನ್ನೋದಕ್ಕೆ ಒಂದು ತುಣುಕು ಉತ್ತರ ಇದು. ಇಲ್ಲಿ ಕೋಣೆಯ ಗೋಡೆಗಿಂತ ಮಿಲಿಸೆಕೆಂಡುಗಳ ಲೆಕ್ಕ ದೊಡ್ಡದು.

ಲೆಕ್ಕಕೇಳೋನು_ಹಿರಿಯೂರು:

ಹೀಗೆ ಹೇಳಿದ್ರೆ ಕೇಳಬಹುದು. ಆದ್ರೂ ಒಂದು. ಆ ಜಾಗ ಇಲ್ಲದೇ ಇದ್ರೆ ಇಲಿಗೆ ಮೀಸೆ ಇದ್ದೂ ಇಲ್ಲದ ಹಾಗೆ ಅನ್ನೋದು ಖಾತ್ರಿಯಾ? ಮೇಲೆ 1986ರ ಪ್ರಯೋಗ ಹೇಳಿದ್ರಲ್ಲ.

ಜೋಗಿಮಟ್ಟಿ:

ಖಾತ್ರಿ ಅಂತ ನಾವೂ ಬಹಳ ವರ್ಷ ನಂಬಿದ್ವಿ. 2018ರಲ್ಲಿ ರ‍್ಯಾಂಡಿ ಬ್ರೂನೋ ಅವರ ಗುಂಪು ಸುಂಡಿಲಿಗಳಿಗೆ ಮೀಸೆಗೆ ಕಂಬಿ ತಾಗಿದ್ರೆ ಗುರುತಿಸೋದನ್ನ ಕಲಿಸಿ, ಆಮೇಲೆ ಬ್ಯಾರೆಲ್ ಕಾರ್ಟೆಕ್ಸ್ ಪೂರ್ತಿ ತೆಗೆದು ನೋಡಿತು. ಮೊದಲ ದಿನ ತಪ್ಪು ಮೇಲೆ ತಪ್ಪು. ಆಮೇಲೆ ಬೇಗನೇ ಹಳೇ ಮಟ್ಟಕ್ಕೆ ವಾಪಸ್. ಸುಮ್ಮನೆ ದಿನ ಕಳೆದದ್ದಕ್ಕೆ ಸರಿಹೋಗಿದ್ದಲ್ಲ, ಮತ್ತೆ ಅಭ್ಯಾಸ ಮಾಡಿದ್ದಕ್ಕೆ. ಮೀಸೆಗೆ ಏನೋ ತಾಗಿತು ಅನ್ನೋ ಅಷ್ಟನ್ನ ಥಲಾಮಸ್ ಮತ್ತು ಒಳಗಿನ ಬೇರೆ ಭಾಗಗಳೇ ನಿಭಾಯಿಸಬಲ್ಲವು ಅಂತ ಅರ್ಥ.

ಅದೇ ಭಾಗವನ್ನ ತೆಗೀದೆ, ಬೆಳಕಿನಿಂದ ಕೆಲವು ಕ್ಷಣ ಆರಿಸಿದ್ರೆ (ಬೆಳಕು ಬಿದ್ರೆ ಸುಮ್ಮನಾಗೋ ಹಾಗೆ ಕೋಶಗಳನ್ನ ಮೊದಲೇ ಬದಲಿಸಿರ್ತಾರೆ) ಆ ಹೊತ್ತಿಗೆ ಸುಂಡಿಲಿ ಹೆಚ್ಚು ತಪ್ಪು ಮಾಡುತ್ತೆ. ಆ ಕ್ಷಣಿಕ ಪ್ರಯೋಗಗಳನ್ನ ಮುಂದಿಟ್ಟು 'ಈ ಕೆಲಸಕ್ಕೆ ಈ ಭಾಗ ಬೇಕೇ ಬೇಕು' ಅಂತ ಬರೆದ ಪ್ರಬಂಧಗಳಿಗೆ ಇದು ಒಳ್ಳೇ ಪೆಟ್ಟು. ನೋಡಿ ನನಗಂತೂ ಖುಷಿಯೇ ಆಯ್ತು.

ಭದ್ರಾನಾಲೆ:

ಹಂಗಾದ್ರೆ 1986ರದ್ದು ಸುಳ್ಳಾ? ಒಂದು ಕಡೆ ಜಾಗ ತೆಗೆದ್ರೆ ಹಾರಲ್ಲ ಅಂತೀರಿ, ಇನ್ನೊಂದು ಕಡೆ ತೆಗೆದ್ರೂ ನಡೀತತಿ ಅಂತೀರಿ.

ಜೋಗಿಮಟ್ಟಿ:

ಎರಡೂ ನಿಜ, ಕೊಟ್ಟ ಕೆಲಸ ಬೇರೆ. ಕಂಬಿ ತಾಗಿತೋ ಇಲ್ಲವೋ ಅನ್ನೋದಕ್ಕೆ ಹೌದು-ಅಲ್ಲ ಸಾಕು. ಸಂದು ಹಾರೋಕೆ ಅಂಚು ಎಲ್ಲಿದೆ ಅನ್ನೋದು ಬೇಕು, ಮೀಸೆ ಎಷ್ಟು ಮುಂದೆ ಚಾಚಿದಾಗ ತಾಗಿತು ಅನ್ನೋದನ್ನ ಕತ್ತಿನ ಚಲನೆ ಜೊತೆ ಕೂಡಿಸಬೇಕು, ಆ ಲೆಕ್ಕ ನಂಬಿ ಮೈ ಎಸೀಬೇಕು. ತರಿ ನುಣುಪು ಬೇರ್ಪಡಿಸೋ ಕೆಲಸದಲ್ಲೂ ಬ್ಯಾರೆಲ್ ಕಾರ್ಟೆಕ್ಸ್ ಹೋದ ಇಲಿಗಳು ಸೋಲ್ತವೆ. ಪ್ರಾಣಿಯೂ ಬೇರೆ, ಒಂದು ಕಡೆ ಇಲಿ, ಇನ್ನೊಂದು ಕಡೆ ಸುಂಡಿಲಿ. ಕೆಲಸ ಜಟಿಲವಾದಷ್ಟೂ ಕಾರ್ಟೆಕ್ಸ್ ಇಲ್ಲದೆ ಆಗಲ್ಲ ಅಂತ ನನ್ನ ಅಂದಾಜು. ಆದ್ರೆ ಗೆರೆ ಸರಿಯಾಗಿ ಎಲ್ಲಿ ಎಳೀಬೇಕು ಅನ್ನೋದರ ಮೇಲೆ ಲ್ಯಾಬುಗಳ ನಡುವೆ ಈಗಲೂ ಜಟಾಪಟಿ ಇದೆ.

ಲೆಕ್ಕಕೇಳ‌ೋನು_ಹಿರಿಯೂರು:

ಅಂದಾಜು ಅಂತ ಒಪ್ಪಿಕೊಂಡ್ರಲ್ಲ, ಅಷ್ಟು ಸಾಕು. ಆದ್ರೆ ಹೊಸ ಅಭ್ಯಾಸ ಕೊಟ್ರೆ ಸಂದು ಹಾರೋದನ್ನೂ ಅವು ವಾಪಸ್ ಕಲೀತಾವೋ ಏನೋ, ಅದನ್ನ ಯಾರಾದ್ರೂ ಸರಿಯಾಗಿ ನೋಡೋ ತನಕ ನಾನು ಬೇಲಿ ಮೇಲೇ ಕೂತಿರ್ತೀನಿ.

ಗೋದಾಮು_ದಾವಣಗೆರೆ:

(ಮಗ.) ಮೇಡಂ, ಕಾಲೇಜಲ್ಲಿ ಮುಂದಿನ ತಿಂಗಳು ಸೆಮಿನಾರ್ ಕೊಡಬೇಕು. 1970ರದ್ದು ಹೇಳಲಾ, 2018ರದ್ದು ಹೇಳಲಾ? ಹದಿನೈದು ನಿಮಿಷ ಅಷ್ಟೇ.

ಜೋಗಿಮಟ್ಟಿ:

1970ರ ಚಿತ್ರ ಒಂದು ಸ್ಲೈಡ್, ಪಕ್ಕದಲ್ಲಿ ಮೂತಿಯ ಐದು ಸಾಲು ಬರೆದು ತೋರಿಸು. 1973ರದ್ದು ಒಂದು. ಉಳಿದ ಹೊತ್ತೆಲ್ಲ 2018ರದ್ದಕ್ಕೆ ಕೊಡು, ಯಾಕಂದ್ರೆ ಪ್ರಶ್ನೆ ಬರೋದು ಅಲ್ಲೇ. ಬ್ಲೂ ಬ್ರೈನ್ (ಮಿದುಳನ್ನ ಕಂಪ್ಯೂಟರಿನಲ್ಲಿ ಅನುಕರಿಸೋಕೆ ಹೊರಟ ಸ್ವಿಸ್ ಯೋಜನೆ) ಬಗ್ಗೆ ಯಾರಾದ್ರೂ ಕೇಳೇ ಕೇಳ್ತಾರೆ: 2015ರಲ್ಲಿ ಅವರು ಕಂಪ್ಯೂಟರಿನಲ್ಲಿ ಕಟ್ಟಿದ್ದು ಎಳೆ ಇಲಿಯ ಸ್ಪರ್ಶದ ಕಾರ್ಟೆಕ್ಸಿನ ಸುಮಾರು 31,000 ನರಕೋಶಗಳ ತುಣುಕು, ಇಡೀ ಮಿದುಳಲ್ಲ. ಅದೂ ಹಿಂಗಾಲಿನ ಜಾಗದ್ದು, ಮೀಸೆಯದ್ದಲ್ಲ.

ಎಂಬಿಬಿಎಸ್_ದಾವಣಗೆರೆ:

ತಮ್ಮಾ, ಸೆಮಿನಾರ್ ಯಾವ ಕಾಲೇಜಲ್ಲಿ ಅಂತ ಮೆಸೇಜ್ ಮಾಡು, ಬಂದು ಕಡೇ ಬೆಂಚಲ್ಲಿ ಕೂತು ಐದನೇ ನರದ ಪ್ರಶ್ನೆ ಕೇಳ್ತೀನಿ. ಉತ್ತರ ಕೊಟ್ರೆ ಬೆಣ್ಣೆದೋಸೆ ನನ್ನ ಲೆಕ್ಕದಲ್ಲಿ.

ಗೋದಾಮು_ದಾವಣಗೆರೆ:

(ಅಪ್ಪ.) ದೋಸೆ ಆಸೆಗೆ ಇವನು ಈಗಿಂದಲೇ ಬಾಯಿಪಾಠ ಹೊಡೀತಾನೆ. ಮೇಡಂ, 2018ರದ್ದು ನನಗೂ ಪೂರ್ತಿ ತಿಳೀಲಿಲ್ಲ, ಅವನು ನನ್ನ ಮುಂದೆ ಹೇಳಿ ಅಭ್ಯಾಸ ಮಾಡ್ಲಿ ಅಂದೀನಿ. ತಿಳೀದಿದ್ದಲ್ಲಿ ನಿಲ್ಲಿಸಿ ಇಲ್ಲೇ ಬಂದು ಕೇಳ್ತೀನಿ.